ಕಣ್ಣು ತೆರೆಯದ ಯೋಧೆ

ಮೋರ್ಲಿ, ಪರ್ತ್
ಮೇ 12, 2024

ಅಪ್ಪಾ,

ನಿಮಗೆ ವಿಗ್ರಹ ಕೆತ್ತುವ ಕೆಲಸ ಸಿಕ್ಕಿತು, ಆಳೆತ್ತರದ ನಿಜವಾದ ವಿಗ್ರಹ, ಇನ್ನು ಮೇಲೆ ಗೋರಿಕಲ್ಲಿನ ಮೇಲೆ ಯಾರ್ಯಾರದೋ ಹೆಸರು ಕೊರೆಯುತ್ತಾ ಕೂರಬೇಕಾಗಿಲ್ಲ!

ಈ ಸುದ್ದಿಯನ್ನು ಫೋನಿನಲ್ಲಿ ಕಿರುಚಿ ಹೇಳಬೇಕು ಅನ್ನಿಸಿತು. ಆದರೆ ನಲವತ್ತು ವರ್ಷ ಕಲ್ಲು ಕೊಯ್ದ ನಿಮ್ಮ ಕಿವಿಗೆ ಫೋನು ಕೇಳುವುದಿಲ್ಲ. ಕಿವಿಯ ಮಿಷನ್ನನ್ನು ಡ್ರಾಯರಿನೊಳಗೆ ಮಲಗಿಸಿದ್ದೀರಿ. ಮೆಸೇಜು ಓದುವುದಿಲ್ಲ ಅಂತ ಹಟ. ಹಾಗಾಗಿ ನಿಮ್ಮ ಕಾನ್ವೆಂಟ್ ಮಗಳು ಪೆನ್ನು ಹಿಡಿದಿದ್ದಾಳೆ, ತಪ್ಪುಗಳಿದ್ದರೆ ನಗುತ್ತಾ ಓದಿ.

ಎಲ್ಲಾ ಅಕ್ಕನ ಪ್ರತಾಪ. ಬ್ರಿಸ್ಬೇನಿನ ಸನ್ನಿಬ್ಯಾಂಕಿನಲ್ಲಿ ಅಂಗಡಿ ಸಾಲಿನ ಹಿಂದೆ ಒಂದು ಜಪಾನಿ ತಾಲೀಮು ಶಾಲೆ ಇದೆ, ನಮ್ಮ ಮೈಸೂರಿನ ಗರಡಿಮನೆ ಇದ್ದಹಾಗೆ. ಅಲ್ಲಿ ಅಕ್ಕನ ಮಗಳು ಕನಕ ವಾರಕ್ಕೆರಡು ದಿನ ಉದ್ದ ಕೋಲು ತಿರುಗಿಸುವುದನ್ನು ಕಲಿಯುತ್ತಾಳೆ. ಅದರ ತುದಿಗೆ ಬಾಗಿದ ಅಲಗು ಕಟ್ಟಿದರೆ ಅದೇ ಅವರ ಹೆಣ್ಣುಮಕ್ಕಳ ಆಯುಧವಂತೆ. ನಡೆಸುವವರು ಮಿಸೆಸ್ ಒಗಾವಾ, ಎಂಬತ್ತನಾಲ್ಕು ವರ್ಷ, ಬೆನ್ನು ಮಾತ್ರ ನನಗಿಂತ ನೆಟ್ಟಗಿದೆ. ಶಾಲೆಗೆ ನಲವತ್ತು ವರ್ಷ ತುಂಬುವುದಕ್ಕೆ ಬಾಗಿಲಲ್ಲಿ ಒಂದು ಪ್ರತಿಮೆ ಬೇಕು ಅಂದರು. ಅಕ್ಕ ನೀವು ಮೈಸೂರಿನಲ್ಲಿ ಮಾಡಿದ ವಿಗ್ರಹಗಳ ಫೋಟೋ ತೋರಿಸಿದಳು. ಅವರು ಕಾಲು ಗಂಟೆ ಒಂದೇ ಫೋಟೋ ನೋಡಿದರಂತೆ. ಆಮೇಲೆ, "ಇದನ್ನು ಕೆತ್ತಿದ ಕೈಗಳು ಎಲ್ಲಿವೆ?" ಅಂತ ಕೇಳಿದರಂತೆ. ಅಪ್ಪಾ, ನನಗೆ ಅಳುವೇ ಬಂತು!

ಅವರಿಗೆ ಬೇಕಾಗಿರುವುದು ಒಬ್ಬ ಯೋಧೆ. ನೆಲಕ್ಕೆ ಬಿದ್ದವಳು ಒಂದು ಮೊಣಕಾಲಿನ ಮೇಲೆ ಏಳುತ್ತಿದ್ದಾಳೆ, ಎಡಗೈಯಲ್ಲಿ ಕೋಲು ಊರಿದ್ದಾಳೆ. ಬಲಗೈಯನ್ನು ಮುಂದೆ ಚಾಚಿದ್ದಾಳೆ, ಎದುರಿಗೆ ಬಿದ್ದಿರುವ ಶತ್ರುವನ್ನು ಎಬ್ಬಿಸಲು. ಶತ್ರು ಕಾಣಿಸುವುದಿಲ್ಲ, ಕೈ ಮಾತ್ರ. ತಾನು ಬಿದ್ದರೆ ಏಳಬೇಕು, ಬಿದ್ದವರನ್ನು ಹೊಡೆಯಬಾರದು, ಅವರ ಹಳೆಯ ಯೋಧರ ಧರ್ಮವೇ ಅದು, ಮಕ್ಕಳಿಗೆ ನಾನು ಕಲಿಸುವುದು ಇವೆರಡೇ ಅಂತಾರಂತೆ.

ನಾವು ಹನಿಮೂನ್ ಮುಗಿಸಿ ಕ್ಯೋಟೋದಿಂದ ಬಂದು ಒಂಬತ್ತು ದಿನವಾಯಿತು. ಅಮೋಘ ಆಗಲೇ ಗಣಿಗೆ ಹಾರಿದ್ದಾರೆ, ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಮದುವೆಯಾಗಿ ಮೂರು ತಿಂಗಳಲ್ಲಿ ನನ್ನ ಗಂಡನನ್ನು ಎಷ್ಟು ದಿನ ನೋಡಿದ್ದೇನೆ ಅಂತ ಎಣಿಸಿದರೆ ನಗು ಬರುತ್ತದೆ. ನಿಮ್ಮ ಸುದ್ದಿ ಕೇಳಿ, "ನಿಮ್ಮಪ್ಪ ಕಲ್ಲನ್ನ ಮಾತಾಡಿಸ್ತಾರೆ, ನಾನು ಕಲ್ಲನ್ನ ಪುಡಿ ಮಾಡಿ ಹಡಗಿಗೆ ತುಂಬ್ತೀನಿ, ಮಾವನ ಮುಂದೆ ಹೇಗೆ ಮುಖ ತೋರಿಸ್ಲಿ" ಅಂತಾರೆ.

ಕ್ಯೋಟೋದಲ್ಲಿ ನಾನು ಬಾಡಿಗೆಗೆ ಕಿಮೋನೋ ಹಾಕಿಕೊಂಡು ತೆಗೆದುಕೊಂಡ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಈ ಕಾಗದದ ಜೊತೆ ಇಟ್ಟಿದ್ದೇನೆ. ಸೊಂಟದ ಪಟ್ಟಿ, ತೋಳು, ಎದೆಯ ಮಡಿಕೆ ಎಲ್ಲಾ ಚೆನ್ನಾಗಿ ಬಂದಿದೆ. ನಿಮಗೆ ಮಾಡೆಲ್ಲು ನಾನೇ! ಮೂಗು ಮಾತ್ರ ನನ್ನದು ಬೇಡ.

ನಿಮ್ಮ ಕೈಗೆ ಮುತ್ತು,
ಮಾಲು

•

ವಿಂಗ್‌ಫೀಲ್ಡ್, ಅಡಿಲೇಡ್
ಜೂನ್ 9, 2024

ಮಗು ಮಾಲವಿಕಾ,

ಕಾಗದ ತಲುಪಿತು. ಮೂರು ಸಲ ಓದಿದೆ.

ಒಪ್ಪಿಕೊಂಡಿದ್ದೇನೆ. ಜೇಡಿಮಣ್ಣಿನಲ್ಲಿ ಒಂದು ಮೊಳದ ಮಾದರಿ ಮಾಡಿ, ನಿಲುವು ಸರಿಯೇ ಅಂತ ಕೇಳಿ ಅದರ ಚಿತ್ರ ಬ್ರಿಸ್ಬೇನಿಗೆ ಕಳಿಸಿದೆ. ಆ ತಾಯಿ ಒಪ್ಪಿದರು. ಚಾಚಿದ ಕೈಯ ಬೆರಳುಗಳು ಬೇಡುವ ಹಾಗೆ ಇರಬಾರದು, ಕೊಡುವ ಹಾಗೆಯೂ ಇರಬಾರದು ಅಂತ ಮಾತ್ರ ಬರೆದರು. ಈ ದೇಶಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು, ಇಂಥ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಎಲ್ಲರೂ ಕೇಳುವುದು ಅಕ್ಷರಕ್ಕೆ ಚಿನ್ನದ ಬಣ್ಣವೋ ಬೆಳ್ಳಿಯದೋ ಅಂತ.

ಕಲ್ಲು ಇಲ್ಲಿಯದೇ, ಕರಿಕಲ್ಲು. ನಮ್ಮ ಹೆಗ್ಗಡದೇವನಕೋಟೆಯ ಕೃಷ್ಣಶಿಲೆಗೆ ತಂಗಿಯ ಹಾಗಿದೆ. ಕ್ವಾರಿಗೆ ಹೋಗಿ ನಾನೇ ಆರಿಸಿದೆ. ತಟ್ಟಿದರೆ ಗಂಟೆಯ ಹಾಗೆ ಕೇಳಬೇಕು, ಎಲ್ಲಾದರೂ ಮಂಕಾದರೆ ಒಳಗೆ ಸೀಳು ಇದೆ ಅಂತ ಅರ್ಥ. ನನಗೆ ಕೇಳುವುದಿಲ್ಲವಲ್ಲ. ಉಳಿಯ ಒಂದು ತುದಿಯನ್ನು ಕಲ್ಲಿಗೆ ಊರಿ ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸುತ್ತಿಗೆಯಿಂದ ಕಲ್ಲನ್ನು ತಟ್ಟಿದೆ. ನಾದ ದವಡೆಯಿಂದ ನೇರ ತಲೆಗೆ ಬಂತು. ಕ್ವಾರಿಯವರು ನನಗೆ ಹುಚ್ಚು ಅಂದುಕೊಂಡಿರಬೇಕು.

ಬಲಗೈ ನಡುಕ ಹೆಚ್ಚಾಗಿದೆ. ಬೆಳಿಗ್ಗೆ ಹನ್ನೊಂದರವರೆಗೆ ಮಾತು ಕೇಳುತ್ತದೆ, ಆಮೇಲೆ ಕೇಳುವುದಿಲ್ಲ. ಇದನ್ನು ನಿನಗೆ ಬರೆಯುವುದು ಬೇಡ ಅಂದುಕೊಂಡಿದ್ದೆ. ಈ ಕೈಗೆ ಇದೇ ಕೊನೆಯ ಕಲ್ಲು ಅನ್ನಿಸುತ್ತದೆ, ಅದರಲ್ಲಿ ದುಃಖವೇನೂ ಇಲ್ಲ. ಕೊನೆಯದು ಇಂಥದ್ದಾಯಿತಲ್ಲ.

ಫೋಟೋದಲ್ಲಿ ಥೇಟ್ ನಿಮ್ಮಮ್ಮನ ಹಾಗೆ ನಿಂತಿದ್ದೀಯ. ಗೋಡೆಗೆ ಅಂಟಿಸಿದ್ದೇನೆ.

ನಿನ್ನ ಅಪ್ಪ,
ರಾಜಗೋಪಾಲ

•

ಮೋರ್ಲಿ, ಪರ್ತ್
ಜುಲೈ 21, 2024

ಅಪ್ಪಾ,

ಕೈಗೆ ಡಾಕ್ಟರು ಏನಂದರು? ಬರೀ "ಹೆಚ್ಚಾಗಿದೆ" ಅಂತ ಬರೆದು ಬಿಟ್ಟುಬಿಡುವುದಾ? ನಿಮಗೂ ನಿಮ್ಮ ಅಳಿಯನಿಗೂ ಒಂದೇ ರೋಗ. ಅವರು ಗಣಿಯಿಂದ "ಹುಷಾರಿದ್ದೀನಿ, ಊಟ ಆಯ್ತು" ಅಂತ ಎರಡು ಮಾತು ಕಳಿಸುತ್ತಾರೆ, ನಾನು ಇಲ್ಲಿ ಅದನ್ನೇ ಹತ್ತು ಸಲ ಓದುತ್ತೇನೆ.

ನನಗೆ ಇಲ್ಲಿನ ಶಾಪಿಂಗ್ ಸೆಂಟರಿನಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ! ಗಿರಾಕಿಗಳ ಕಣ್ಣಿನ ಅಳತೆ ತೆಗೆದುಕೊಳ್ಳುವುದು. ಮೊನ್ನೆ ಒಬ್ಬರು ಮುದುಕರು, "ನಿಮ್ಮಪ್ಪ ಏನು ಮಾಡ್ತಾರೆ?" ಅಂದರು. "ಸ್ಕಲ್ಪ್ಟರ್" ಅಂದುಬಿಟ್ಟೆ. ಶಾಲೆಯ ಫಾರಂನಲ್ಲಿ ನಾನು ಯಾವಾಗಲೂ "ಬಿಸಿನೆಸ್" ಅಂತ ಬರೆಯುತ್ತಿದ್ದೆ ಅಪ್ಪಾ. ನಿಮಗೆ ಗೊತ್ತಿತ್ತಾ?

ಮಾಲು

•

ವಿಂಗ್‌ಫೀಲ್ಡ್, ಅಡಿಲೇಡ್
ಸೆಪ್ಟೆಂಬರ್ 8, 2024

ಮಾಲು,

ಗೊತ್ತಿತ್ತು. ನಿಮ್ಮಮ್ಮ ಹೇಳಿದ್ದಳು. ನಾವಿಬ್ಬರೂ ನಕ್ಕಿದ್ದೆವು.

ಕೆಲಸ ಸೊಂಟದವರೆಗೆ ಬಂದಿದೆ. ಊರಿದ ಮೊಣಕಾಲು, ಪಾದ, ಬಟ್ಟೆಯ ಇಳಿಜಾರು ಮುಗಿದಿದೆ. ಇನ್ನು ಎದೆಗೆ ಕೈ ಹಾಕಬೇಕು. ಅದಕ್ಕೆ ಮುಂಚೆ ಒಂದು ವಿಷಯ ನಿನ್ನನ್ನು ಕೇಳಬೇಕು, ನಿಧಾನವಾಗಿ ನೋಡಿ ಉತ್ತರ ಬರಿ.

ಆ ಉಡುಪು ಎದೆಯ ಮೇಲೆ ಒಂದರ ಮೇಲೊಂದು ಬಂದು ಕೂರುತ್ತದಲ್ಲ, ಯಾವ ಕಡೆಯದು ಮೇಲೆ ಬರಬೇಕು? ನಿನ್ನ ಫೋಟೋದಲ್ಲಿ ಬಲಗಡೆಯದು ಮೇಲೆ ಇದೆ. ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಒಂದು ಹಳೆಯ ಚಿತ್ರ ಇದೆ, ಅದರಲ್ಲಿ ಎಡಗಡೆಯದು ಮೇಲಿರುವ ಹಾಗೆ ಕಾಣುತ್ತದೆ, ಆದರೆ ತೋಳು ಅಡ್ಡ ಬಂದು ಖಾತರಿಯಾಗುವುದಿಲ್ಲ. ನಮ್ಮ ವಿಗ್ರಹಗಳಲ್ಲಿ ಯಾವ ಕೈಯಲ್ಲಿ ಶಂಖ ಯಾವ ಕೈಯಲ್ಲಿ ಚಕ್ರ ಅನ್ನುವುದು ತಪ್ಪಿದರೆ ದೇವರೇ ಬದಲಾಗುತ್ತಾನೆ. ಅವರಲ್ಲೂ ಏನಾದರೂ ಇರಬಹುದು. ಮಿಸೆಸ್ ಒಗಾವಾ ಅವರನ್ನೇ ಕೇಳೋಣವೆಂದರೆ, ಇಷ್ಟೂ ತಿಳಿಯದವನು ಕೆಲಸ ಹಿಡಿದನೇ ಅಂದುಕೊಳ್ಳುತ್ತಾರೆ ಅಂತ ಸಂಕೋಚ. ನೀನು ಉಟ್ಟವಳು. ನಿನಗೆ ಗೊತ್ತಿರುತ್ತದೆ.

ಕಲ್ಲು ಒಂದು ಸಲ ಹೋದರೆ ಹೋಯಿತು. ನಿನ್ನ ಉತ್ತರ ಬರುವವರೆಗೆ ನಾನು ಕೋಲಿನ ಕೆಲಸ ಮಾಡಿಕೊಂಡಿರುತ್ತೇನೆ.

ಅಪ್ಪ

•

ಮೋರ್ಲಿ, ಪರ್ತ್
ಸೆಪ್ಟೆಂಬರ್ 17, 2024

ಅಪ್ಪಾ ಅಪ್ಪಾ ಅಪ್ಪಾ,

ಅಮೋಘ ಇವತ್ತು ಬೆಳಿಗ್ಗೆ ಬಂದುಬಿಟ್ಟರು, ಒಂದು ದಿನ ಮುಂಚೆ! ಕಾರಿನ ಹಾರ್ನ್ ಹೊಡೆಯುತ್ತಾ ಕೆಳಗೆ ನಿಂತಿದ್ದಾರೆ, ಕಿಂಗ್ಸ್ ಪಾರ್ಕಿನಲ್ಲಿ ಹೂವು ಬಿಟ್ಟಿದೆಯಂತೆ, ಅದಕ್ಕೇ ನಾಲ್ಕೇ ಸಾಲು.

ಫೋಟೋದಲ್ಲಿ ಹೇಗಿದೆಯೋ ಹಾಗೇ ಮಾಡಿ. ಬಲಗಡೆಯದೇ ಮೇಲೆ. ಉಡಿಸಿದ್ದು ಅಲ್ಲಿಯ ಅಂಗಡಿಯವರೇ, ಅವರಿಗಿಂತ ಪುಸ್ತಕ ಹೆಚ್ಚಾ? ಫೋಟೋ ಸುಳ್ಳು ಹೇಳುತ್ತದಾ ಅಪ್ಪಾ! ಧೈರ್ಯವಾಗಿ ಉಳಿ ಇಡಿ.

ಓಡಿದೆ,
ಮಾಲು

•

ವಿಂಗ್‌ಫೀಲ್ಡ್, ಅಡಿಲೇಡ್
ಡಿಸೆಂಬರ್ 29, 2024

ಮಗು,

ಮುಗಿಯಿತು. ಕಣ್ಣು ಮಾತ್ರ ಉಳಿದಿದೆ. ಅದನ್ನು ನಮ್ಮ ಪದ್ಧತಿಯಂತೆ ಕೊನೆಗೆ, ಅದು ನಿಲ್ಲುವ ಜಾಗದಲ್ಲೇ ತೆರೆಯಬೇಕು. ಮಾರ್ಚ್ ಕೊನೆಗೆ ಬ್ರಿಸ್ಬೇನಿಗೆ ಹೋದಾಗ ಬೆಳಿಗ್ಗೆ ಕೈ ಸ್ಥಿರವಾಗಿರುವ ಹೊತ್ತಿಗೆ ಎರಡೇ ಗೀರು. ಮಿಸೆಸ್ ಒಗಾವಾ ಅವರಿಗೆ ಈ ವಿಷಯ ಬರೆದಾಗ, ಅವರಲ್ಲೂ ಇಂಥದ್ದೊಂದು ಇದೆ ಅಂತ ಸಂತೋಷಪಟ್ಟರು.

ಎದೆಯ ಮಡಿಕೆ ಚೆನ್ನಾಗಿ ಬಂದಿದೆ. ಅಕ್ಕಿಕಾಳಿನಷ್ಟು ದಪ್ಪ ಅಂಚು, ಬೆರಳಿನಿಂದ ಸವರಿದರೆ ಬಟ್ಟೆ ಅನ್ನಿಸುತ್ತದೆ. ಆ ಒಂದು ಅಂಚಿಗೇ ಹನ್ನೊಂದು ಬೆಳಿಗ್ಗೆ ಹಿಡಿಯಿತು.

ಪಕ್ಕದ ಶೆಡ್ಡಿನ ಟ್ರಕ್ ರಿಪೇರಿಯವನು ದಿನಾ ಬಂದು ಕೈಕಟ್ಟಿ ನಿಂತು ನೋಡುತ್ತಾನೆ. ನಿನ್ನೆ ಅವಳು ಚಾಚಿದ ಕೈಯನ್ನು ಹಿಡಿದು ಕುಲುಕಿ, "ಗುಡ್ ಆನ್ ಯೂ, ಲವ್" ಅಂತ ಶಹಬ್ಬಾಸ್ ಹೇಳಿದ. ನನಗೆ ಕೇಳಿಸಲಿಲ್ಲ, ತುಟಿ ನೋಡಿ ತಿಳಿಯಿತು. ಬಹಳ ದಿನದ ಮೇಲೆ ಗಟ್ಟಿಯಾಗಿ ನಕ್ಕೆ.

ಫೋಟೋಗಳನ್ನು ತೆಗೆಸಿ ಬ್ರಿಸ್ಬೇನಿಗೆ ಕಳಿಸುತ್ತಿದ್ದೇನೆ.

ಅಪ್ಪ

•

ಫಾರೆಸ್ಟ್ ಲೇಕ್, ಬ್ರಿಸ್ಬೇನ್
ಜನವರಿ 27, 2025

ಮಾಲು,

ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಆಮೇಲೆ ಅಳುತ್ತೀಯ, ನಾನೂ ಅಳುತ್ತೇನೆ, ಹೇಳಬೇಕಾದ್ದು ಉಳಿದುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿದ ಮೇಲೆ ಫೋನ್ ಮಾಡು.

ಶನಿವಾರ ಒಗಾವಾ ಆಂಟಿ ನನ್ನನ್ನು ಕರೆಸಿದರು. ಟೀ ಮಾಡಿ ಕೊಟ್ಟರು. ಅಪ್ಪ ಕಳಿಸಿದ ಫೋಟೋಗಳನ್ನು ಮೇಜಿನ ಮೇಲೆ ಜೋಡಿಸಿ ಇಟ್ಟಿದ್ದರು. ಚಾಚಿದ ಕೈಯ ಬಗ್ಗೆಯೇ ಬಹಳ ಹೊತ್ತು ಮಾತಾಡಿದರು. ಇಂಥ ಕೈಯನ್ನು ತಾನು ಜೀವನದಲ್ಲಿ ಒಂದೇ ಸಲ ನೋಡಿದ್ದು, ತನ್ನ ಗುರುವಿನಲ್ಲಿ, ಅಂದರು. ನಾನು ನಗುತ್ತಾ ಕೂತಿದ್ದೆ. ಆಮೇಲೆ ಎದ್ದು ನಿಂತು ನನಗೆ ಸೊಂಟದವರೆಗೆ ಬಾಗಿ ನಮಸ್ಕಾರ ಮಾಡಿದರು ಮಾಲು. ಬಾಗಿದವರು ಏಳಲೇ ಇಲ್ಲ. ನಾನು ಕೂರಬೇಕೋ ನಿಲ್ಲಬೇಕೋ ತಿಳಿಯದೆ ಟೀ ಕಪ್ಪು ಹಿಡಿದುಕೊಂಡೇ ಎದ್ದೆ.

ಅವರಲ್ಲಿ ಬದುಕಿರುವವರಿಗೆ ಎದೆಯ ಮಡಿಕೆಯಲ್ಲಿ ಎಡಗಡೆಯದು ಮೇಲೆ ಬರುತ್ತದೆ. ಗಂಡಸು ಹೆಂಗಸು ಎಲ್ಲರಿಗೂ. ಬಲಗಡೆಯದು ಮೇಲೆ ಬರುವುದು ಹೆಣಕ್ಕೆ ಮಾತ್ರ. ದಹನಕ್ಕೆ ಮುಂಚೆ ಹಾಗೆ ಉಡಿಸುತ್ತಾರಂತೆ.

"ಆಂಟಿ, ಇಲ್ಲಿ ಅದು ಯಾರಿಗೆ ಗೊತ್ತಾಗುತ್ತೆ?" ಅಂದುಬಿಟ್ಟೆ. ಅಂದಮೇಲೆ ನಾಚಿಕೆಯಾಯಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಮಕ್ಕಳು ದಿನಾ ಅವಳನ್ನು ನೋಡಿಕೊಂಡು ಬಟ್ಟೆ ಕಟ್ಟಿಕೊಳ್ಳುತ್ತಾರೆ" ಅಂದರು. ಅಷ್ಟೇ. ಅಂದರೆ ಅವಳನ್ನು ಬಾಗಿಲಲ್ಲಿ ನಿಲ್ಲಿಸುವ ಹಾಗಿಲ್ಲ. ಅಡಿಲೇಡಿಗೆ ಒಂದು ಸಲ ಹೋಗಿ ನೋಡಬೇಕಿತ್ತು, ವಯಸ್ಸಾಯಿತೆಂದು ಹೋಗಲಿಲ್ಲ, ತಪ್ಪು ತನ್ನದೇ ಅಂತ ಮೂರು ಸಲ ಹೇಳಿದರು. ಅಪ್ಪನಿಗೆ ಅವರೇ ಬರೆದಿದ್ದಾರೆ.

ಮನೆಗೆ ಬಂದು ನೀನು ಕಳಿಸಿದ್ದ ಆ ಕ್ಯೋಟೋ ಫೋಟೋ ತೆಗೆದು ಕನಕಳಿಗೆ ತೋರಿಸಿದೆ, ಅವಳಿಗೆ ಶಾಲೆಯಲ್ಲಿ ಜಪಾನೀಸ್ ಇದೆಯಲ್ಲ. "ನೋಡೇ, ಚಿಕ್ಕಮ್ಮನಿಗೂ ಬಲಗಡೆಯದೇ ಮೇಲಿದೆ" ಅಂದೆ. ಅವಳು ನಿನ್ನನ್ನು ನೋಡಲೇ ಇಲ್ಲ, ನಿನ್ನ ಹಿಂದಿನ ಅಂಗಡಿ ಬೋರ್ಡ್ ನೋಡಿದಳು. "ಅಮ್ಮಾ, ದ ರೈಟಿಂಗ್ ಈಸ್ ಬ್ಯಾಕ್‌ವರ್ಡ್ಸ್" ಅಂದಳು.

ಸೆಲ್ಫಿ ಮಾಲು. ನಿನ್ನ ಫೋನು ಎಡ ಬಲವನ್ನು ಕನ್ನಡಿಯ ಹಾಗೆ ತಿರುಗಿಸಿ ಇಟ್ಟುಕೊಂಡಿದೆ. ಹಿಂದಿನ ಅಕ್ಷರ ಇಂಗ್ಲಿಷಾಗಿದ್ದರೆ ನಮ್ಮಲ್ಲಿ ಯಾರಿಗಾದರೂ ಒಂದೇ ಕ್ಷಣಕ್ಕೆ ಕಾಣುತ್ತಿತ್ತು. ನಮಗೆ ಅದು ನೇರವಾಗಿದ್ದರೂ ಗೀಟು, ತಿರುಗಿದ್ದರೂ ಗೀಟು.

ಈ ಫೋಟೋ ವಿಷಯ ಒಗಾವಾ ಆಂಟಿಗೆ ನಾನು ಹೇಳಿಲ್ಲ. ಅಪ್ಪನಿಗೂ ಬರೆಯುವುದಿಲ್ಲ. ಅದು ನೀನು ಬರೆಯಬೇಕಾದ್ದು.

ಅಕ್ಕ

•

ಮೋರ್ಲಿ, ಪರ್ತ್
ಫೆಬ್ರವರಿ 10, 2025

ಅಪ್ಪಾ,

ಅಕ್ಕ ಎಲ್ಲಾ ಹೇಳಿದಳು. ಒಂದು ವಾರದಿಂದ ಬರೆದು ಹರಿದು ಹಾಕುತ್ತಿದ್ದೇನೆ.

ಏನಾದರೂ ಮಾಡಬಹುದು ಅಪ್ಪಾ, ಮಾಡಲೇಬೇಕು. ಯೋಚಿಸಿ ಯೋಚಿಸಿ ಪಟ್ಟಿ ಮಾಡಿದ್ದೇನೆ. ಎದೆಯ ಭಾಗವನ್ನು ಇನ್ನೊಂದು ಪದರ ಒಳಕ್ಕೆ ಇಳಿಸಿ ಮಡಿಕೆ ತಿರುಗಿಸಲಾಗುವುದಿಲ್ಲವಾ? ಅಥವಾ ಆ ಜಾಗವನ್ನು ಕತ್ತರಿಸಿ ಅದೇ ಕಲ್ಲಿನ ಬೇರೆ ತುಂಡನ್ನು ಅಂಟಿಸಿದರೆ? ಅಮೋಘರ ಗಣಿಯಲ್ಲಿ ಬಂಡೆ ಬಿರುಕಿಗೆ ತುಂಬುವ ಒಂದು ಅಂಟು ಇದೆಯಂತೆ, ಉಕ್ಕಿಗಿಂತ ಗಟ್ಟಿ. ಅಥವಾ ಎದೆಗೆ ಲೋಹದ ಕವಚ ತೊಡಿಸಿದರೆ ಮಡಿಕೆ ಕಾಣುವುದೇ ಇಲ್ಲವಲ್ಲ! ಅಮೋಘರಿಗೆ ಹೇಳಿದೆ. ಅವರು ಎಲ್ಲಾ ಕೇಳಿ, "ಮಾಲು, ನೀನು ಮಾವನಿಗೆ ಕಲ್ಲಿನ ಪಾಠ ಹೇಳ್ತಿದ್ದೀಯಾ?" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಈ ವಾರವೇ ಹೊರಟು ಬರುತ್ತಿದ್ದೆ. ಆದರೆ ನನ್ನ ಹಣೆಬರಹ ನೋಡಿ, ಹೋದ ತಿಂಗಳು ಅಮೋಘ ಈಜು ಕಲಿಸುತ್ತೇನೆಂದು ಸ್ಕಾರ್ಬರೋ ಬೀಚಿಗೆ ಕರೆದುಕೊಂಡು ಹೋಗಿದ್ದರು. ಅಲೆ ಬಂದು ಕಿವಿಗೆ ಬಾರಿಸಿತು, ಒಳಗಿನ ಪೊರೆ ಹರಿದಿದೆ. ಮುಂದಿನ ವಾರ ತೇಪೆ ಹಾಕುತ್ತಾರಂತೆ, ಏಪ್ರಿಲ್ ಮುಗಿಯುವವರೆಗೆ ವಿಮಾನ ಹತ್ತಕೂಡದು ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಎಡಗಿವಿಯಲ್ಲಿ ಬರೀ ಗುಂಯ್ ಅನ್ನುತ್ತದೆ. ನಿಮಗೆ ದಿನಾ ಹೀಗೇನಾ ಅಪ್ಪಾ?

ಅಕ್ಕನಿಗೆ ರಜೆ ಸಿಗುವುದಿಲ್ಲ. ಅಮೋಘ ಗಣಿಯಲ್ಲಿ. ನಾನು ಇಲ್ಲಿ ಕಿವಿಯಲ್ಲಿ ಹತ್ತಿ ತುರುಕಿಕೊಂಡು ಕನ್ನಡಕ ಮಾರುತ್ತಿದ್ದೇನೆ. ನೀವು ಆ ಶೆಡ್ಡಿನಲ್ಲಿ ಒಬ್ಬರೇ ಅವಳ ಎದುರು ಕೂತಿರುತ್ತೀರಿ.

ಊಟ ಮಾಡಿ. ದಯವಿಟ್ಟು ಬರೆಯಿರಿ.

ಮಾಲು

•

ವಿಂಗ್‌ಫೀಲ್ಡ್, ಅಡಿಲೇಡ್
ಫೆಬ್ರವರಿ 24, 2025

ಮಗು ಮಾಲವಿಕಾ,

ಕಿವಿಗೆ ನೀರು ಬೀಳದ ಹಾಗೆ ನೋಡಿಕೋ. ಸ್ನಾನಕ್ಕೆ ಮುಂಚೆ ಹತ್ತಿಗೆ ಎಣ್ಣೆ ಸವರಿ ಇಟ್ಟುಕೋ, ಡಾಕ್ಟರನ್ನು ಕೇಳಿಕೊಂಡು. ಒಂದು ಮನೆಗೆ ಒಬ್ಬ ಕಿವುಡ ಸಾಕು.

ನಿನ್ನ ಪಟ್ಟಿ ಓದಿದೆ. ಒಳಕ್ಕೆ ಇಳಿಸಲು ಎರಡು ಬೆರಳು ಕಲ್ಲು ಬೇಕು, ನನ್ನ ಹತ್ತಿರ ಒಂದು ಬೆರಳೂ ಇಲ್ಲ. ಅಲ್ಲಿ ಕೈ ಇಟ್ಟರೆ ಕುತ್ತಿಗೆ ಸೀಳುತ್ತದೆ. ಅಳೆದು ನೋಡಿದೆ, ಒಂದು ಸಲವಲ್ಲ. ಅಂಟಿಸಿದ್ದು ಬೊಂಬೆಯಾಗುತ್ತದೆ. ಕವಚದ ಮಾತು ಬೇಡ, ತಪ್ಪನ್ನು ಮುಚ್ಚಿಟ್ಟುಕೊಂಡು ನಿಲ್ಲುವುದಕ್ಕೆ ಆ ಹೆಣ್ಣು ಮಗಳನ್ನು ನಾನು ಮಾಡಲಿಲ್ಲ. ಇನ್ನೊಂದು ಕಲ್ಲು ತರೋಣವೆಂದರೆ ಕೈ ಈಗ ಬೆಳಿಗ್ಗೆಯೂ ಮಾತು ಕೇಳುವುದಿಲ್ಲ. ಈ ಕಾಗದಕ್ಕೆ ಮೂರು ದಿನ ಹಿಡಿಯಿತು, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ.

ಮಿಸೆಸ್ ಒಗಾವಾ ಅವರು ತಪ್ಪೆಲ್ಲಾ ತನ್ನದೆಂದು ಬರೆದಿದ್ದರು. ನಾನು ಯಾವ ಚಿತ್ರ ನೋಡಿಕೊಂಡು ಎದೆಯ ಮಡಿಕೆ ಮಾಡಿದೆ ಅಂತ ಮರ್ಯಾದೆಯಿಂದಲೇ ಕೇಳಿದ್ದರು. ಚಿತ್ರ ಯಾವುದೂ ಇರಲಿಲ್ಲ, ನನ್ನ ಅಂದಾಜಿನಲ್ಲಿ ಮಾಡಿದೆ, ತಿಳಿದವರನ್ನು ಕೇಳದೆ ಉಳಿ ಇಟ್ಟದ್ದು ನನ್ನ ಅಹಂಕಾರ ಅಂತ ಉತ್ತರ ಬರೆದಿದ್ದೇನೆ. ಅದು ಅಲ್ಲಿಗೆ ಮುಗಿಯಿತು. ಗೋಡೆಯ ಫೋಟೋ ತೆಗೆದು ನಿಮ್ಮಮ್ಮನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಶೆಡ್ಡಿನ ಧೂಳಿಗೆ ಹಾಳಾಗುತ್ತಿತ್ತು.

ಭಿನ್ನವಾದ ವಿಗ್ರಹವನ್ನು ನಮ್ಮಲ್ಲಿ ಏನು ಮಾಡುತ್ತಾರೆ ಅಂತ ನಿನಗೆ ಗೊತ್ತು. ಕಲ್ಲು ತಂದ ಕ್ವಾರಿಯಲ್ಲಿ ಕೆಲಸ ನಿಲ್ಲಿಸಿದ ಹಳೆಯ ಹೊಂಡವೊಂದಿದೆ, ಆಳವಾಗಿ ನೀರು ನಿಂತಿದೆ. ಕೇಳಿಕೊಂಡೆ, ಅಲ್ಲಿ ಇಳಿಸಲು ಒಪ್ಪಿದ್ದಾರೆ. ಪಕ್ಕದ ಟ್ರಕ್ಕಿನವನು ಕ್ರೇನ್ ಗಾಡಿ ತರುತ್ತಾನೆ, ಮಾರ್ಚ್ 26, ಬುಧವಾರ. ಕಣ್ಣು ತೆರೆದಿಲ್ಲವಲ್ಲ, ಅದೊಂದು ಸಮಾಧಾನ. ಅವಳು ಏನನ್ನೂ ನೋಡಿಲ್ಲ.

ಇದಕ್ಕೆ ನೀನು ಬರುವ ಅಗತ್ಯವಿಲ್ಲ. ಬಂದು ಮಾಡುವುದೇನೂ ಇಲ್ಲ. ಅಳಿಯಂದಿರ ರಜೆ ಬಂದಾಗ ಇಬ್ಬರೂ ಒಟ್ಟಿಗೆ ಬನ್ನಿ.

ಅಪ್ಪ

•

ಮೋರ್ಲಿ, ಪರ್ತ್
ಮಾರ್ಚ್ 9, 2025

ಅಪ್ಪಾ,

ಚಿತ್ರ ಇತ್ತು. ನಾನು ಕಳಿಸಿದ್ದು. ಅದು ಕನ್ನಡಿಯ ಹಾಗೆ ತಿರುಗಿದ ಚಿತ್ರ ಅಂತ ಅಕ್ಕ ಜನವರಿಯಲ್ಲೇ ಬರೆದಿದ್ದಳು. ಹೋದ ಕಾಗದದಲ್ಲಿ ಅಂಟು, ಕವಚ, ಕಿವಿ, ಬೀಚು ಅಂತ ಎರಡು ಪುಟ ಬರೆದೆ, ಇದೊಂದನ್ನು ಬಿಟ್ಟು. ನೀವು ಅದಕ್ಕೆ ಉತ್ತರ ಬರೆದಿರಿ, ಇದೊಂದನ್ನು ಬಿಟ್ಟು. ನಿಮಗೆ ತಿಳಿದಿದೆ ಅಂತ ಪೆಟ್ಟಿಗೆಯ ಸಾಲು ಓದಿದಾಗ ಗೊತ್ತಾಯಿತು.

ಫೋನಿನ ಮೇಲೆ ತಪ್ಪು ಹಾಕಿ ಉಸಿರಾಡಬಹುದಿತ್ತು. ಆದರೆ ಇನ್ನೊಂದು ವಿಷಯ ಇದೆ, ಅದು ಅಕ್ಕನಿಗೂ ಗೊತ್ತಿಲ್ಲ, ಅಮೋಘರಿಗೂ ಮೊನ್ನೆಯವರೆಗೆ ಪೂರ್ತಿ ಗೊತ್ತಿರಲಿಲ್ಲ.

ಕ್ಯೋಟೋದ ಆ ಅಂಗಡಿಯಲ್ಲಿ ನಾನು ಮೊದಲು ಕಿಮೋನೋವನ್ನು ನಾನೇ ಸುತ್ತಿಕೊಂಡು ಹೊರಗೆ ಬಂದೆ, ಹುಡುಗಾಟಕ್ಕೆ. ಅಂಗಡಿಯ ಹೆಂಗಸು ಯಾರಿಗೋ ಏನೋ ತೋರಿಸುತ್ತಿದ್ದವಳು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬಂದಳು. ಒಂದು ಮಾತೂ ಆಡದೆ ಎರಡೂ ಅಂಚನ್ನು ಬಿಚ್ಚಿ, ಮೇಲಿದ್ದದ್ದನ್ನು ಕೆಳಗೆ ಹಾಕಿ, ಕೆಳಗಿದ್ದದ್ದನ್ನು ಮೇಲೆ ತಂದು ಬಿಗಿಯಾಗಿ ಕಟ್ಟಿದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಅಬ್ಬಾ, ಎಷ್ಟು ಸ್ಟ್ರಿಕ್ಟು!" ಅಂತ ನಾವಿಬ್ಬರೂ ನಕ್ಕೆವು. ಯಾಕೆ ಅಂತ ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ನಿಮ್ಮ ಕಾಗದ ಓದಿದಾಗ ಆ ಹೆಂಗಸಿನ ಮುಖ ನೆನಪಾಯಿತು ಅಪ್ಪಾ. ಏನೋ ಇದೆ ಅಂತ ಅನ್ನಿಸಿತು. ನಿಧಾನವಾಗಿ ನೋಡಿ ಉತ್ತರ ಬರಿ ಅಂತ ನೀವು ಬರೆದಿದ್ದಿರಿ. ಅಕ್ಕನಿಗೆ ಒಂದು ಫೋನ್ ಮಾಡಿದ್ದರೆ ಅವಳು ಒಗಾವಾ ಅವರನ್ನು ಕೇಳುತ್ತಿದ್ದಳು, ಐದು ನಿಮಿಷದ ಕೆಲಸ. ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಗೋಡೆಗೆ ಕಾಗದ ಒತ್ತಿ ಹಿಡಿದು ನಿಂತುಕೊಂಡೇ ಬರೆದೆ. ನಾಲ್ಕು ಸಾಲು. ಆ ನಾಲ್ಕು ಸಾಲು ಬರುವವರೆಗೆ ನೀವು ಎದೆಗೆ ಉಳಿ ಇಡದೆ ಕಾದಿದ್ದಿರಿ.

ಇದನ್ನೆಲ್ಲಾ ಇಂಗ್ಲಿಷಿನಲ್ಲಿ ಬರೆದು, ಫೋಟೋ ಜೊತೆ ಮಿಸೆಸ್ ಒಗಾವಾ ಅವರಿಗೆ ಕಳಿಸಿದ್ದೇನೆ. ನಿಮ್ಮ ಮಾತನ್ನು ಮೀರಿದ್ದಕ್ಕೆ ಕೋಪ ಮಾಡಿಕೊಳ್ಳಿ, ಆದರೆ ನಿಮ್ಮದು ತಿಳಿದವರನ್ನು ಕೇಳದೆ ಕೆಲಸ ಮಾಡುವ ಕೈ ಅಂತ ಅವರ ಮನೆಯಲ್ಲಿ ಒಂದು ಕಾಗದ ಉಳಿಯುವುದನ್ನು ನಾನು ಸಹಿಸಲಾರೆ. ಉತ್ತರ ಬಂತು. ನನ್ನನ್ನು ಬೈದಿಲ್ಲ. ಯೋಧೆಯನ್ನು ಬಾಗಿಲಲ್ಲಿ ನಿಲ್ಲಿಸಲಾಗುವುದಿಲ್ಲ ಅನ್ನುವ ಮಾತೂ ಬದಲಾಗಿಲ್ಲ. "ನಿಮ್ಮ ತಂದೆ ನನಗೆ ಸುಳ್ಳು ಬರೆದರೆಂದು ತಿಳಿಸಿದ್ದಕ್ಕೆ ವಂದನೆ. ಅವರು ಆ ಕೈಯನ್ನು ಹೇಗೆ ಕೆತ್ತಿದರೆಂದು ಈಗ ತಿಳಿಯಿತು" ಅಂತ ಇದೆ. ಕೆಳಗೆ ಸಹಿ. ಬಾಗಿಲಿನ ಆ ಜಾಗವನ್ನು ಖಾಲಿಯೇ ಬಿಡುತ್ತಾರಂತೆ.

ಬರಬೇಡ ಅಂದಿದ್ದೀರಿ. ಬಂದು ಮಾಡುವುದೇನೂ ಇಲ್ಲ ಅಂದಿದ್ದೀರಿ, ಅದು ನಿಜ. ನನಗೆ ಉಳಿ ಹಿಡಿಯಲು ಬರುವುದಿಲ್ಲ. ಕ್ರೇನನ್ನು ನಿಲ್ಲಿಸುವಂಥ ಒಂದು ಮಾತೂ ನನ್ನ ಹತ್ತಿರ ಇಲ್ಲ, ಹುಡುಕಿ ಹುಡುಕಿ ಸಾಕಾಯಿತು. ನಿಮಗೆ ಸಮಾಧಾನ ಹೇಳೋಣವೆಂದರೆ ನಿಮಗೆ ಕೇಳಿಸುವುದಿಲ್ಲ, ನೀವು ಹೇಳಿದರೆ ನನ್ನ ಎಡಗಿವಿಗೆ ಕೇಳಿಸುವುದಿಲ್ಲ. ಆದರೂ ನೀವು ಒಬ್ಬರೇ ಆ ಗಾಡಿಯ ಹಿಂದೆ ಹೋಗುವುದು ಬೇಡ. ಹೊಂಡದ ಹತ್ತಿರ ನಿಮ್ಮ ಪಕ್ಕದಲ್ಲಿ ಯಾರಾದರೂ ನಿಂತಿರಬೇಕು, ಅದು ಇದನ್ನು ಮಾಡಿದವಳೇ ಆಗಿರಬೇಕು. ಮುಖ ನೋಡಲು ಮನಸ್ಸಿಲ್ಲದಿದ್ದರೆ ನೋಡಬೇಡಿ, ಹಿಂದೆ ನಿಂತಿರುತ್ತೇನೆ.

ಅಮೋಘರಿಗೆ ರಜೆ ಇಲ್ಲ, ಒಬ್ಬಳೇ ಬರುತ್ತಿದ್ದೇನೆ. ವಿಮಾನ ಹತ್ತುವ ಹಾಗಿಲ್ಲವಲ್ಲ, ಅದಕ್ಕೆ ರೈಲು. ಸ್ಟೇಷನ್ನಿಗೆ ಬರುವ ತೊಂದರೆ ತೆಗೆದುಕೊಳ್ಳಬೇಡಿ, ಶೆಡ್ಡಿನ ದಾರಿ ನನಗೆ ಗೊತ್ತು. ಮಾರ್ಚ್ 23, ಭಾನುವಾರ ಪರ್ತ್ ಬಿಡುವ ಇಂಡಿಯನ್ ಪೆಸಿಫಿಕ್ ಗಾಡಿ, ಅಡಿಲೇಡಿಗೆ ಮಂಗಳವಾರ 25ರ ಬೆಳಿಗ್ಗೆ.

ಮಾಲವಿಕಾ